ನೀರನ್ನು ತಡೆಯುವವರು ಯಾರು?

ಕಾಫಿ ಹುಚ್ಚಿನವನು ಅಂತ ನಾಲ್ಕು ಜನರ ನಡುವೆ ಒಮ್ಮೆ ಹೆಸರು ಬಿದ್ದರೆ ಮುಗೀತು, ಯಾರಾದರೊಬ್ಬರು ಫೋನ್ ಮಾಡಿ ಕೇಳ್ತಾನೇ ಇರ್ತಾರೆ: "ಪೋರ್ ಓವರ್ ಶುರು ಮಾಡೋಣ ಅಂತಿದೀನಿ, ಯಾವ ಡ್ರಿಪ್ಪರ್ ತಗೊಳ್ಲಿ?" ಪೋರ್ ಓವರ್ ಅಂದರೆ ಪುಡಿಯ ಮೇಲೆ ಕೈಯಾರೆ ಬಿಸಿನೀರು ಸುರಿದು ಕಾಫಿ ಸೋಸೋದು. ಈ ಪ್ರಶ್ನೆಗೆ ಊರೆಲ್ಲ ಕೊಡೋ ಉತ್ತರ ಒಂದೇ. ಹಾರಿಯೋ ಕಂಪನಿಯ ವಿ60, ಪ್ಲಾಸ್ಟಿಕ್‌ದು, 02 ಸೈಜು. ತಪ್ಪು ಉತ್ತರವೇನಲ್ಲ. ಅಗ್ಗ, ಕೈಜಾರಿದರೂ ಒಡೆಯಲ್ಲ, ಎಲ್ಲಾ ಕಡೆ ಸಿಗುತ್ತೆ. ಆದರೆ ಹಾಗೆ ಕೊಂಡವರ ಮನೆಗೆ ಆಮೇಲೆ ಯಾವಾಗಲೋ ಹೋದಾಗ ಆ ಡ್ರಿಪ್ಪರು ಅಡುಗೆಮನೆ ಕಪಾಟಿನ ತೀರಾ ಮೇಲಿನ ಸಾಲಲ್ಲಿ, ವರ್ಷಕ್ಕೊಮ್ಮೆ ಇಳಿಯೋ ಚಕ್ಕುಲಿ ಒರಳಿನ ಪಕ್ಕ ಕೂತಿರೋದನ್ನ ಎಷ್ಟೋ ಸಲ ನೋಡಿದ್ದೀನಿ. ಕೇಳಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ದೂರು. ಒಂದಿನ ಸೊಗಸಾಗಿ ಬರುತ್ತೆ, ಮಾರನೇ ದಿನ ಕಷಾಯ, ಅದರ ಮಾರನೇ ದಿನ ಬಣ್ಣದ ನೀರು. ಪುಡಿ ಅದೇ, ಡ್ರಿಪ್ಪರ್ ಅದೇ, ಕೈ ಅದೇ. ಯಾಕೆ ಹೀಗಾಗುತ್ತೆ ಅಂತ ಗೊತ್ತಾಗದೆ ಬೇಜಾರಾಗಿ ಮೇಲಿಟ್ಟಿರ್ತಾರೆ.

ಇದು ನನ್ನನ್ನ ಬಹಳ ದಿನ ಕಾಡಿದೆ. ಡ್ರಿಪ್ಪರ್ ಅಂದರೆ ಕಡೆಗೂ ಏನು? ತಳದಲ್ಲಿ ತೂತಿರೋ ಒಂದು ಆಲಿಕೆ. ಮೇಲಿಂದ ಬಿಸಿನೀರು ಹಾಕ್ತೀವಿ, ಅದು ಪುಡಿಯ ನಡುವೆ ಇಳೀತಾ ಒಂದಷ್ಟನ್ನ ಕರಗಿಸಿಕೊಂಡು ಕೆಳಗೆ ಬೀಳುತ್ತೆ. ಬೇಗ ಇಳಿದರೆ ಹುಳಿಹುಳಿ, ತೆಳು. ತೀರಾ ನಿಧಾನವಾದರೆ ಕಹಿ. ಹಾಗಾದರೆ ಎಲ್ಲಾ ಇರೋದು ನೀರು ಎಷ್ಟು ಹೊತ್ತು ಪುಡಿಯ ಜೊತೆ ಇರುತ್ತೆ ಅನ್ನೋದರಲ್ಲಿ. ಒಂದೊಂದು ಡ್ರಿಪ್ಪರ್‌ನಲ್ಲಿ ಒಂದೊಂದು ವಸ್ತು ನೀರನ್ನ ತಡೆದು ನಿಲ್ಲಿಸುತ್ತೆ, ಮತ್ತೆ ಕೆಲವದರಲ್ಲಿ ಯಾವ ವಸ್ತುವೂ ಸರಿಯಾಗಿ ತಡೆಯೋದಿಲ್ಲ, ಆ ಕೆಲಸ ನಿಮ್ಮ ಕೈಗೆ ಬಿದ್ದಿರುತ್ತೆ. ಕೊಳ್ಳೋ ಮೊದಲು ನೋಡಬೇಕಾದ್ದು ಇಷ್ಟು. ಬಣ್ಣ, ಪಿಂಗಾಣಿಯೋ ಗಾಜೋ, ಯಾವ ದೇಶದ್ದು ಅನ್ನೋದೆಲ್ಲ ಆಮೇಲಿನ ಮಾತು.

ಮನೇಲಿ ಆಗಲೇ ಇರೋ ಡ್ರಿಪ್ಪರು

ನಮ್ಮ ಸ್ಟೀಲ್ ಫಿಲ್ಟರನ್ನೇ ನೋಡಿ. ಮೇಲಿನ ಡಬ್ಬಿಯ ತಳದಲ್ಲಿ ಸೂಜಿಮೊನೆಯಷ್ಟು ತೂತುಗಳು, ಅದರ ಮೇಲೆ ನುಣ್ಣನೆಯ ಪುಡಿ, ಪುಡಿಯ ಮೇಲೆ ಹಿಡಿ ಇರೋ ತೂತಿನ ಬಿಲ್ಲೆ ಇಟ್ಟು ಸ್ವಲ್ಪ ಒತ್ತಿ, ಕುದಿಯೋ ನೀರು ಹುಯ್ದು ಮುಚ್ಚಿದರೆ ಕೆಲಸ ಮುಗೀತು. ಇಲ್ಲಿ ನೀರನ್ನ ತಡೆಯೋದು ಪುಡಿಯೇ. ನುಣ್ಣಗಿರುತ್ತೆ, ಜೊತೆಗೆ ಚಿಕೋರಿ ಬೇರೆ ನೀರು ಕುಡಿದು ಅಂಟಂಟಾಗಿ ದಾರಿ ಕಟ್ಟುತ್ತೆ. ನೀವು ಸ್ನಾನ ಮುಗಿಸಿ ಬಂದರೂ ಹನಿ ಹನಿಯಾಗಿ ಇಳೀತಾ ಇರುತ್ತೆ. ಸುರಿಯೋ ಕೈ ಯಾರದ್ದಾದರೂ ಡಿಕಾಕ್ಷನ್ ಒಂದೇ ಥರ ಬರೋದು ಇದೇ ಕಾರಣಕ್ಕೆ. ಅರೆನಿದ್ದೆಯಲ್ಲಿದ್ದವರೂ ಮಾಡಬಹುದು, ಮಾಡ್ತಾನೂ ಇದ್ದೀವಿ.

ಆದರೆ ಆ ಡಿಕಾಕ್ಷನ್ ಇರೋದು ಹಾಲಿಗಾಗಿ. ಡ್ರಿಪ್ಪರ್ ಕಾಫಿ ಹಾಗಲ್ಲ. ಅದರಲ್ಲಿ ಕರಗಿರೋ ಕಾಫಿಯ ಅಂಶ ನೂರಕ್ಕೆ ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಪಾಲು, ಮಿಕ್ಕಿದ್ದೆಲ್ಲ ನೀರು. ಅದಕ್ಕೆ ಅರ್ಧ ಲೋಟ ಹಾಲು ಹಾಕಿದರೆ ಕಾಫಿ ಎಲ್ಲಿ ಹೋಯ್ತು ಅಂತ ಹುಡುಕಬೇಕು. ಹಾಗಾಗಿ ಫೋನ್ ಮಾಡಿದವರನ್ನ ನಾನು ಮೊದಲು ಕೇಳೋದು, "ಹಾಲು ಹಾಕೋದನ್ನ ಬಿಡ್ತೀರಾ?" ಅಂತ. ಬಿಡಲ್ಲ ಅಂದರೆ ಡ್ರಿಪ್ಪರ್ ಬೇಡ, ಆ ದುಡ್ಡಲ್ಲಿ ಒಳ್ಳೆಯ ಪುಡಿ ತಗೊಳ್ಳಿ ಅಂತೀನಿ. ಇದರಲ್ಲಿ ಕೀಳರಿಮೆ ಪಡೋಕೆ ಏನೂ ಇಲ್ಲ. ಸ್ಟೀಲ್ ಫಿಲ್ಟರ್ ಬಿಟ್ಟು ಮೇಲೆ ಹತ್ತಬೇಕಾದ ಮೆಟ್ಟಿಲು ಅಂತ ಡ್ರಿಪ್ಪರನ್ನ ಮಾರೋರ ಮಾತನ್ನ ನಾನಂತೂ ಒಪ್ಪಲ್ಲ. ಅದು ಬೇರೆ ಪಾನೀಯ, ಇದು ಬೇರೆ.

(ಒಂದು ವ್ಯತ್ಯಾಸ ಮಾತ್ರ ನಿಜಕ್ಕೂ ಇದೆ. ಪೇಪರ್ ಫಿಲ್ಟರು ಕಾಫಿಯ ಎಣ್ಣೆಯಂಶವನ್ನ ಹಿಡ್ಕೊಳ್ಳುತ್ತೆ. ಕೊಲೆಸ್ಟ್ರಾಲ್ ಏರಿಸೋ ಕೆಫೆಸ್ಟಾಲ್ ಇರೋದು ಆ ಎಣ್ಣೆಯಲ್ಲೇ. ಸ್ಟೀಲ್ ತೂತಿಗೆ ಅದನ್ನ ಹಿಡಿಯೋ ಶಕ್ತಿ ಇಲ್ಲ. ಡಾಕ್ಟರ ಮಾತು ಕೇಳಿ ಡ್ರಿಪ್ಪರ್‌ಗೆ ಬಂದವರು ನನ್ನ ಪರಿಚಯದಲ್ಲೇ ಇದ್ದಾರೆ.)

ತೂತಿನ ಲೆಕ್ಕ

1908ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟಾ ಬೆಂಟ್ಸ್ ಅನ್ನೋ ಗೃಹಿಣಿ ಲೋಟದ ತಳದಲ್ಲಿ ಉಳಿಯೋ ಚರಟಕ್ಕೆ ಬೇಸತ್ತು ಹಿತ್ತಾಳೆ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆ ಪುಸ್ತಕದ ಶಾಯಿ ಹೀರೋ ಕಾಗದ ಹಾಸಿ ಕಾಫಿ ಸೋಸಿದಳು. ಅಲ್ಲಿಂದ ಶುರುವಾಗಿದ್ದು ಈ ಪೇಪರಿನ ವಂಶ. ಇವತ್ತಿಗೂ ಅವಳ ಹೆಸರಿನ ಕಂಪನಿಯ ಡ್ರಿಪ್ಪರ್ ಗಳಲ್ಲಿ ತಳಕ್ಕೆ ಬರ್ತಾ ಬರ್ತಾ ಚಪ್ಪಟೆಯಾಗಿ ಕಿರಿದಾಗೋ ಆಕಾರ, ಕೆಳಗೆ ಒಂದೋ ಎರಡೋ ಸಣ್ಣ ತೂತು. ತೂತು ಸಣ್ಣದಾದ್ದರಿಂದ ನೀವು ಎಷ್ಟೇ ಜೋರಾಗಿ ಸುರಿದರೂ ನೀರು ತನ್ನ ವೇಗದಲ್ಲೇ ಇಳಿಯುತ್ತೆ. ತಡೆಯೋದು ತೂತು, ನೀವಲ್ಲ.

ಕಲಿಟಾ ವೇವ್ ಕೂಡ ಇದೇ ದಾರಿ. ಸಪಾಟು ತಳ, ಮೂರು ಸಣ್ಣ ತೂತು, ಇಡ್ಲಿ ತಟ್ಟೆ ಮೇಲೆ ಹಾಸೋ ಬಟ್ಟೆಯಷ್ಟು ತೆಳುವಾದ, ಸುತ್ತ ನೆರಿಗೆ ಇರೋ ಪೇಪರು. ತಳ ಸಪಾಟಾಗಿರೋದರಿಂದ ಪುಡಿ ಎಲ್ಲಾ ಕಡೆ ಒಂದೇ ಎತ್ತರಕ್ಕೆ ಹರಡುತ್ತೆ, ನೀರು ಒಂದು ಕಡೆ ಮಾತ್ರ ಸುರಂಗ ಕೊರೆದು ಓಡಿಹೋಗೋದು ಕಡಿಮೆ. 2013ರಲ್ಲಿ ಕಾಫಿ ಮಾಡೋರ ಜಾಗತಿಕ ಸ್ಪರ್ಧೆ ವಿಶ್ವ ಬ್ರೂವರ್ಸ್ ಕಪ್ ಗೆದ್ದಿದ್ದು ಇದರಲ್ಲೇ ಮಾಡಿದ ಕಾಫಿ, ಹಾಗಾಗಿ ಸುಲಭದ್ದು ಅಂದ ಮಾತ್ರಕ್ಕೆ ಕಡಿಮೆಯದ್ದು ಅನ್ನೋ ಹಾಗಿಲ್ಲ.

ಇನ್ನು ವಿ60. ಹಾರಿಯೋ 1921ರಿಂದ ಇರೋ ಜಪಾನಿನ ಗಾಜಿನ ಕಂಪನಿ, ಮೊದಲು ಪ್ರಯೋಗಶಾಲೆಯ ಗಾಜು ಮಾಡ್ತಿದ್ದವರು. ಅವರ ಈ ಡ್ರಿಪ್ಪರ್ 60 ಡಿಗ್ರಿ ಕೋನದ ಶಂಕು. ಒಳಗೋಡೆಯಲ್ಲಿ ಸುರುಳಿಯಾಗಿ ಸುತ್ತಿದ ಏಣುಗಳು. ಒದ್ದೆ ಪೇಪರು ಗೋಡೆಗೆ ಅಂಟಿಕೊಳ್ಳದೆ, ಗಾಳಿ ಹೊರಗೆ ಹೋಗೋಕೆ ಜಾಗ ಇರಲಿ ಅಂತ ಆ ಏಣು. ತಳದಲ್ಲಿ ಹೆಬ್ಬೆರಳು ತೂರಿಸಬಹುದಾದಷ್ಟು ದೊಡ್ಡ ಒಂದೇ ತೂತು. ಪೇಪರಿನ ಮೊನೆ ಅದರಿಂದ ಆಚೆ ಇಣುಕುತ್ತೆ. ಅಂದರೆ ಡ್ರಿಪ್ಪರ್ ತಡೆಯೋ ಕೆಲಸದಿಂದ ಪೂರ್ತಿ ಕೈತೊಳೆದುಕೊಂಡಿದೆ. ಪುಡಿ ಎಷ್ಟು ದಪ್ಪ, ನೀವು ಎಷ್ಟು ಸಣ್ಣ ಧಾರೆಯಲ್ಲಿ, ಎಷ್ಟು ಎತ್ತರದಿಂದ, ಎಷ್ಟು ಬಿಟ್ಟು ಬಿಟ್ಟು ಸುರಿದಿರಿ, ಅಷ್ಟರ ಮೇಲೇ ಎಲ್ಲಾ ನಿಂತಿದೆ. ಪಳಗಿದವರು ಅದನ್ನ ಮೆಚ್ಚೋದು ಈ ಸ್ವಾತಂತ್ರ್ಯಕ್ಕೇ. ಹೊಸಬರು ಅದನ್ನ ಚಕ್ಕುಲಿ ಒರಳಿನ ಪಕ್ಕ ಇಡೋದೂ ಇದಕ್ಕೇ.

ಕೆಮೆಕ್ಸ್ ನೋಡೋಕೆ ಚೆಂದ. 1941ರ ವಿನ್ಯಾಸ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಇದೆ. ಅದರಲ್ಲಿ ನೀರನ್ನ ತಡೆಯೋದು ದಪ್ಪ ಪೇಪರು, ಆ ಪೇಪರು ದುಬಾರಿ, ಮತ್ತು ಒಬ್ಬರ ಒಂದು ಲೋಟಕ್ಕೆ ಆ ಹೂಜಿ ದೊಡ್ಡದಾಯ್ತು. ಮೊದಲ ಡ್ರಿಪ್ಪರ್ ಆಗಿ ಬೇಡ.

ಮೂಡಿಗೆರೆಯಲ್ಲಿ ಗಿಂಡಿ

ಮೂಡಿಗೆರೆ ಹತ್ತಿರ ನಮ್ಮ ದೊಡ್ಡಪ್ಪನ ತೋಟ. ಹೆಚ್ಚಿನದೆಲ್ಲ ಅರೇಬಿಕಾ, ಅದರಲ್ಲೂ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತಳಿ 795. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಬೆಳೆಯೋ ರಾಜ್ಯ ನಮ್ಮದು, ಆದರೆ ಬೆಳೆದವರ ಮನೆಯ ಲೋಟಕ್ಕೆ ಆ ಒಳ್ಳೆಯದು ಬೀಳೋದು ಅಪರೂಪ. ದೊಡ್ಡಪ್ಪನ ಮನೆಯಲ್ಲೂ ಹಾಗೇ. ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇನ್ನೂ ಇರೋ ಬೀಜ, ಕಣದಲ್ಲಿ ಒಣಗಿ, ಚೀಲ ತುಂಬಿ, ಲಾರಿ ಹತ್ತಿ, ಆ ಸಿಪ್ಪೆ ತೆಗೆದು ವಿಂಗಡಿಸೋ ಕ್ಯೂರಿಂಗಿಗೆ ಹೋಗುತ್ತೆ. ಮನೆ ಖರ್ಚಿಗೆ ಉಳಿಯೋದು ಗಿಡದ ಬುಡದಲ್ಲಿ ಹೆಕ್ಕಿದ ಕಾಯಿ, ಜೊತೆಗೆ ರೊಬಸ್ಟಾ. ಅದನ್ನೇ ಕಪ್ಪಗೆ ಹುರಿದು, ಪುಡಿ ಮಾಡಿ, ಬೆಲ್ಲದ ನೀರಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯೋದು ದೊಡ್ಡಮ್ಮನ ಪದ್ಧತಿ. (ಆ ಸೋಸೋ ಬಟ್ಟೆಯನ್ನ ನೋಡಿ ನಗಬೇಡಿ. ಜಪಾನಿನ ಹಳೇ ಕಾಫಿ ಮನೆಗಳಲ್ಲಿ ಫ್ಲಾನಲ್ ಬಟ್ಟೆಯ ಚೀಲದಲ್ಲಿ ಸೋಸಿದ ಕಾಫಿಗೆ ದೊಡ್ಡ ಮರ್ಯಾದೆ ಇದೆ, ನೆಲ್ ಡ್ರಿಪ್ ಅಂತಾರೆ.)

ಒಂದು ಸಲ ಅವರದೇ ಪಾರ್ಚ್‌ಮೆಂಟ್ ಸ್ವಲ್ಪ ಬೆಂಗಳೂರಿಗೆ ತಂದು, ಸಿಪ್ಪೆ ತೆಗೆಸಿ, ಪರಿಚಯದವರ ಹತ್ತಿರ ತುಸು ಎಳೆಯದಾಗಿ ಹುರಿಸಿ, ಕೊಯ್ಲಿನ ಹೊತ್ತಿಗೆ ಮತ್ತೆ ತೋಟಕ್ಕೆ ಹೋಗುವಾಗ ವಿ60, ಕೈಗಿರಣಿ, ತಕ್ಕಡಿ ಎಲ್ಲಾ ಚೀಲಕ್ಕೆ ಹಾಕ್ಕೊಂಡು ಹೋದೆ. ಸಣ್ಣ ಧಾರೆ ಬರೋ ಕೊಕ್ಕಿನ ಕೆಟಲ್ ಮಾತ್ರ ಒಯ್ದಿರಲಿಲ್ಲ, ಚೀಲದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಡಿಸೆಂಬರಿನ ಬೆಳಿಗ್ಗೆ. ಒಲೆ ಮೇಲಿನ ಪಾತ್ರೆಯಿಂದ ಲೋಟದಲ್ಲಿ ಮೊಗೆದು ಸುರಿದರೆ ನೀರು ದಬ್ಬಂತ ಬಿತ್ತು, ಪುಡಿ ನಡುವೆ ಹೊಂಡ ಬಿತ್ತು, ಅರ್ಧ ಪುಡಿ ಪೇಪರಿನ ಗೋಡೆಗೆ ಹತ್ತಿ ಒಣಗಿ ಕೂತಿತು. ಒಂದೂವರೆ ನಿಮಿಷಕ್ಕೆಲ್ಲ ನೀರು ಖಾಲಿ. ಬಾಗಿಲಲ್ಲಿ ನಿಂತು ನೋಡ್ತಿದ್ದ ದೊಡ್ಡಮ್ಮ ಏನೂ ಹೇಳದೆ ಒಳಗೆ ಹೋಗಿ ಕಂಚಿನ ಗಿಂಡಿ ತಂದಿಟ್ಟರು. "ಇದ್ರಲ್ಲಿ ಹುಯ್ಯೋ ಮಾರಾಯ, ಅಷ್ಟು ಸಣ್ಣ ಬಾಯಿಗೆ ಆ ಲೋಟ ಯಾಕೆ?"

ಗಿಂಡಿಯ ಸೊಂಡಿಲು ನೋಡಿದವರಿಗೆ ಗೊತ್ತು, ಅದರಿಂದ ಬರೋದು ಪೆನ್ಸಿಲ್ಲಿಗಿಂತ ಸಣ್ಣ ಧಾರೆ. ಬಿಸಿನೀರು ತುಂಬಿದ ಕೂಡಲೇ ಕಂಚು ಕೈ ಸುಡುತ್ತೆ, ಮಸಿಬಟ್ಟೆ ಸುತ್ತಿ ಹಿಡಿದೆ. ಹದಿನೈದು ಗ್ರಾಂ ಪುಡಿಗೆ ಮೊದಲು ಮೂವತ್ತು ಗ್ರಾಂ ಚಿಲ್ಲರೆ ನೀರು, ಪುಡಿ ಉಬ್ಬಿ ಗುಳ್ಳೆ ಒಡೆಯೋವರೆಗೆ ಮುಕ್ಕಾಲು ನಿಮಿಷ ಬಿಟ್ಟು, ಆಮೇಲೆ ನಡುವಿಂದ ಸುತ್ತುತ್ತಾ ಇನ್ನೂರ ನಲವತ್ತರವರೆಗೆ. ಮೂರು ನಿಮಿಷದ ಹತ್ತಿರ ಇಳಿದು ಮುಗೀತು. ಪೇಪರಲ್ಲಿ ಉಳಿದ ಚರಟ ಸಮನಾಗಿ ಕೂತಿತ್ತು. ಪುಡಿ, ಡ್ರಿಪ್ಪರು, ನೀರು ಯಾವುದೂ ಬದಲಾಗಿರಲಿಲ್ಲ.

ದೊಡ್ಡಪ್ಪ ಮೊದಲು ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇದೇನೋ, ಹಾಲು ಹಾಕದ ಟೀ ಇದ್ದಂಗೆ ಇದೆ?" ಒಂದು ಗುಟುಕು ಕುಡಿದು, "ಹುಣಸೆಹುಳಿ ಬಿಟ್ಟಿದೀಯೇನೋ ಇದಕ್ಕೆ?" ಅಂದರು. ನನಗೆ ರೋಮಾಂಚನ! 795ರ ರುಚಿ ಹೇಳೋವಾಗ ಕಾಫಿ ರುಚಿ ನೋಡೋ ಪರಿಣತರು ಹುಣಸೆ, ಬೆಲ್ಲ ಅಂತಲೇ ಬರೆಯೋದು. ಜೀವಮಾನವಿಡೀ ಆ ಗಿಡ ಬೆಳೆಸಿದವರ ಬಾಯಲ್ಲಿ ಅದೇ ಮಾತು ತಾನಾಗೇ ಬಂತು. ದೊಡ್ಡಮ್ಮ ತಮ್ಮ ಲೋಟಕ್ಕೆ ಒಂದು ಚೂರು ಬೆಲ್ಲ ಹಾಕ್ಕೊಂಡು "ಈಗ ಪರವಾಗಿಲ್ಲ" ಅಂದರು. ಬೆಂಗಳೂರಲ್ಲಿ ಈ ಥರದ್ದು ಕಾಲು ಕೆಜಿಗೆ ಐನೂರರ ಮೇಲಿದೆ ಅಂತ ನಾನು ಹೇಳಿದ್ದೇ ತಡ, ದೊಡ್ಡಪ್ಪ ಐವತ್ತು ಕೆಜಿ ಚೀಲದ ಲೆಕ್ಕಕ್ಕೆ ಗುಣಿಸಿ ನೋಡಿ, "ಹಂಗಾದ್ರೆ ಬೆಳೆಯೋದು ಬಿಟ್ಟು ನಿನ್ನಂಗೆ ಸೋಸೋಕೆ ಕೂತ್ಕೊಬೇಕು ಬಿಡು" ಅಂತ ಎದ್ದು ಕಣಕ್ಕೆ ಹೋದರು.

ವಿ60 ಕೊಳ್ಳೋದಾದರೆ ಜೊತೆಗೆ ಸಣ್ಣ ಧಾರೆಯನ್ನೂ ಕೊಳ್ಳಬೇಕು ಅನ್ನೋದಕ್ಕೆ ಇಷ್ಟು ಹೇಳಿದೆ. ಕೊಕ್ಕಿನ ಕೆಟಲ್‌ನ ಬೆಲೆ ಎಷ್ಟೋ ಸಲ ಪ್ಲಾಸ್ಟಿಕ್ ಡ್ರಿಪ್ಪರ್‌ನ ಎರಡರಷ್ಟೋ ಮೂರರಷ್ಟೋ ಇರುತ್ತೆ. "ಅಗ್ಗದ ಡ್ರಿಪ್ಪರ್" ಅನ್ನೋ ಲೆಕ್ಕದಲ್ಲಿ ಇದನ್ನ ಯಾರೂ ಸೇರಿಸಲ್ಲ. ಮನೇಲಿ ಗಿಂಡಿ ಇದ್ದರೆ ಬೇರೆ ಮಾತು.

ಬಾಗಿಲು ಇರೋ ಡ್ರಿಪ್ಪರು

ಅಕ್ಕನ ಮಗ ಬೆಂಗಳೂರಲ್ಲಿ ಶಿಫ್ಟ್ ಕೆಲಸ ಮಾಡ್ತಾನೆ. ಅವನ ಅಡುಗೆಮನೆಯಲ್ಲಿ ಅಗಲ ಬಾಯಿಯ ಎಲೆಕ್ಟ್ರಿಕ್ ಕೆಟಲ್, ಮಿಕ್ಸಿ, ಒಂದು ಸಿಂಗಲ್ ಬರ್ನರ್ ಸ್ಟವ್, ಅಷ್ಟೇ. ಅವನಿಗೆ ನಾನು ವಿ60 ಬೇಡ ಅಂದಾಗ ಅವನಿಗೆ ಅಸಮಾಧಾನ. "ಮಾವ, ನೋಡಿದ ವಿಡಿಯೋದಲ್ಲೆಲ್ಲ ಅದನ್ನೇ ಹೇಳ್ತಾರೆ, ನೀವೊಬ್ರೇ ಉಲ್ಟಾ." ನಿನ್ನ ಕೆಟಲ್‌ನಿಂದ ಖಾಲಿ ಲೋಟಕ್ಕೆ ಐದು ಸೆಕೆಂಡಲ್ಲಿ ಇಪ್ಪತ್ತು ಗ್ರಾಂ ನೀರು ಮಾತ್ರ ಹುಯ್ದು ತೋರಿಸು ಅಂದೆ. ಹುಯ್ದ. ಲೋಟ ಅರ್ಧ ತುಂಬಿತು. ಅವನೇ ನಕ್ಕ.

ಇಂಥವರಿಗೆ ನಾನು ಹೇಳೋದು ತಳದಲ್ಲಿ ಬಾಗಿಲು ಇರೋ ಡ್ರಿಪ್ಪರು. ತೈವಾನಿನ ಕ್ಲೆವರ್ ಅದರಲ್ಲಿ ಪ್ರಸಿದ್ಧ. ಮೇಜಿನ ಮೇಲಿಟ್ಟಾಗ ತಳದ ಬಾಗಿಲು ಮುಚ್ಚಿರುತ್ತೆ, ಲೋಟದ ಮೇಲಿಟ್ಟಾಗ ಒತ್ತಿಕೊಂಡು ತೆರೆಯುತ್ತೆ. ಪುಡಿ ನೀರಲ್ಲಿ ನೆನೀತಾ ಕೂರುತ್ತೆ, ಮೂರು ನಿಮಿಷ ಆದ ಮೇಲೆ ಬಿಡೋದು. ಇಲ್ಲಿ ನೀರನ್ನ ತಡೆಯೋದು ಬಾಗಿಲು. ನಿಮ್ಮ ಕೈ ನಡುಗಿದರೂ, ಕೆಟಲ್ ದಬ್ಬಂತ ಸುರಿದರೂ ಅದಕ್ಕೇನೂ ಲೆಕ್ಕವಿಲ್ಲ. ಒಂದು ಸಣ್ಣ ಉಪಾಯ ಇದೆ: ಮೊದಲು ನೀರು ಹಾಕಿ, ಅದರ ಮೇಲೆ ಪುಡಿ ಹಾಕಿ ಕಲಕಿ. ಪುಡಿ ಮೊದಲು ಹಾಕಿದರೆ ನುಣ್ಣನೆ ಧೂಳು ಪೇಪರಿಗೆ ಮೆತ್ತಿಕೊಂಡು ಕಡೆಗೆ ಇಳಿಯೋಕೆ ತಡವಾಗುತ್ತೆ. ಹಾರಿಯೋದವರದ್ದೇ ಸ್ವಿಚ್ ಅಂತ ಇನ್ನೊಂದಿದೆ. ಗಾಜಿನ ವಿ60 ಶಂಕು, ಕೆಳಗೆ ಒಂದು ಸ್ಟೀಲ್ ಗೋಲಿ, ಪಕ್ಕದಲ್ಲಿ ಒತ್ತು ಹಿಡಿ. ಗೋಲಿ ಕೂತರೆ ಬಾಗಿಲು ಮುಚ್ಚಿತು, ಎದ್ದರೆ ಮಾಮೂಲಿ ವಿ60. ಕೈ ಪಳಗಿದ ಮೇಲೆ ಅದೇ ಸಾಮಾನಲ್ಲಿ ಸುರಿಯೋದನ್ನೂ ಕಲಿಯಬಹುದು, ಪೇಪರೂ ವಿ60ಯದ್ದೇ. ದುಡ್ಡು ಅಡ್ಡಿಯಿಲ್ಲ ಅನ್ನೋ ಹೊಸಬರಿಗೆ ಇವತ್ತು ನನ್ನ ಉತ್ತರ ಇದು. ಹುಡುಗ ಅದನ್ನೇ ತಗೊಂಡ. ಗೋಲಿ ಏಳಿಸಿ ಸುರಿಯೋ ಆಸೆ ಅವನಿಗೆ ಇನ್ನೂ ಬಂದಿಲ್ಲ, ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಬರಬೇಕಾಗೂ ಇಲ್ಲ.

ಬಾಗಿಲು ಬೇಡ, ಸುರಿಯೋ ಆಟವೇ ಬೇಕು ಅನ್ನೋರು ಪ್ಲಾಸ್ಟಿಕ್ ವಿ60 ತಗೊಂಡು ಟೆಟ್ಸು ಕಸುಯಾ ಅವರ ಲೆಕ್ಕ ಹಿಡೀಲಿ. 2016ರಲ್ಲಿ ಬ್ರೂವರ್ಸ್ ಕಪ್ ಗೆದ್ದ ಜಪಾನಿನವರು. ಇಪ್ಪತ್ತು ಗ್ರಾಂ ದಪ್ಪ ಪುಡಿ, ಮುನ್ನೂರು ಗ್ರಾಂ ನೀರು, ಅದನ್ನ ಅರವತ್ತರಂತೆ ಐದು ಪಾಲು ಮಾಡಿ ಮುಕ್ಕಾಲು ನಿಮಿಷಕ್ಕೊಂದು ಸಲ ಸುರಿಯೋದು. ಧಾರೆ ಸ್ವಲ್ಪ ಹೆಚ್ಚುಕಡಿಮೆ ಆದರೂ, ಬಿಟ್ಟು ಬಿಟ್ಟು ಸುರಿಯೋದರಿಂದ ಗಡಿಯಾರವೇ ನೀರನ್ನ ತಡೆದ ಹಾಗಾಗುತ್ತೆ. ಪಿಂಗಾಣಿ ಡ್ರಿಪ್ಪರ್ ಚೆಂದ ನಿಜ, ಆದರೆ ತಣ್ಣಗಿರೋ ಪಿಂಗಾಣಿ ನೀರಿನ ಬಿಸಿಯನ್ನ ಮೊದಲು ತಾನೇ ಹೀರಿಕೊಳ್ಳುತ್ತೆ. ಪ್ರತಿ ಸಲ ಬಿಸಿನೀರಲ್ಲಿ ತೊಳೆದು ಕಾಯಿಸಿಕೊಳ್ಳೋ ತಾಳ್ಮೆ ಇರಬೇಕು. ಪ್ಲಾಸ್ಟಿಕ್ಕಿಗೆ ಆ ಕಾಟ ಇಲ್ಲ.

ಪೇಪರು, ಪುಡಿ, ನೀರು

ಡ್ರಿಪ್ಪರನ್ನ ಒಂದು ಸಲ ಕೊಳ್ತೀರಿ, ಪೇಪರನ್ನ ಜೀವಮಾನವಿಡೀ. ಹಾಗಾಗಿ ಡ್ರಿಪ್ಪರ್ ಆರ್ಡರ್ ಮಾಡೋ ಮೊದಲು ಅದರ ಪೇಪರು ಎಲ್ಲಿ, ಎಷ್ಟಕ್ಕೆ ಸಿಗುತ್ತೆ ಅಂತ ಹುಡುಕಿ. ವಿ60 ಆಕಾರದ್ದು ಬೇರೆ ಬೇರೆ ಕಂಪನಿಗಳು ಮಾಡ್ತವೆ. ಕ್ಲೆವರ್‌ಗೆ ಮೆಲಿಟಾ ಆಕಾರದ ಪೇಪರು ಸಾಕು, ಹಳೇ ಕಾಫಿ ಮೇಕರ್‌ಗಳದ್ದೂ ಅದೇ. ವೇವ್ ಪೇಪರು ದುಬಾರಿ, ಮೇಲೆ ಕೊರಿಯರಿನಲ್ಲಿ ನೆರಿಗೆ ಚಪ್ಪಟೆಯಾಗಿ ಬಂದರೆ ಗೋಡೆಗೆ ಅಂಟಿಕೊಂಡು ಕೆಲಸ ಕೆಡಿಸುತ್ತೆ. ಆ ಡ್ರಿಪ್ಪರು ಎಷ್ಟೇ ಒಳ್ಳೆಯದಾದರೂ ನಾನು ಅದನ್ನ ಎರಡನೆಯದಾಗಿ ಹೇಳೋದು ಇದಕ್ಕೇ. ಕಂದು ಪೇಪರಾದರೆ ಹಾಕೋ ಮೊದಲು ಬಿಸಿನೀರು ಧಾರಾಳವಾಗಿ ಹುಯ್ದು ತೊಳೀರಿ, ಇಲ್ಲದಿದ್ದರೆ ರಟ್ಟಿನ ವಾಸನೆ ಕಾಫಿಗೂ ಬರುತ್ತೆ.

ಪುಡಿಯ ವಿಷಯಕ್ಕೆ ಬಂದರೆ, ನಿಮ್ಮ ಬೀದಿಯ ಕಾಫಿಪುಡಿ ಅಂಗಡಿಯವರು ಅಭ್ಯಾಸಬಲದಿಂದ "ಎಂಬತ್ತು-ಇಪ್ಪತ್ತಾ ಸಾರ್?" ಅಂತಲೇ ಕೇಳೋದು. ಚಿಕೋರಿ ಬೆರೆತ ನುಣ್ಣನೆ ಪುಡಿಯನ್ನ ವಿ60ಗೆ ಹಾಕಿದರೆ ಪೇಪರು ಕಟ್ಟಿಕೊಂಡು ಹತ್ತು ನಿಮಿಷವಾದರೂ ನೀರು ಇಳಿಯಲ್ಲ. ಅದು ಸ್ಟೀಲ್ ಫಿಲ್ಟರಿನ ಸೊತ್ತು, ಅಲ್ಲೇ ಇರಲಿ. ಡ್ರಿಪ್ಪರಿಗೆ ಚಿಕೋರಿ ಇಲ್ಲದ್ದು, ಉಪ್ಪಿಟ್ಟಿನ ರವೆಗೆ ಹತ್ತಿರದ ಹದ. ಮಿಕ್ಸಿಯಲ್ಲಿ ಮಾಡಿದರೆ ಅರ್ಧ ಕಲ್ಲು, ಅರ್ಧ ಧೂಳು. ಕಲ್ಲು ಹುಳಿ ಬಿಡುತ್ತೆ, ಧೂಳು ಕಹಿ ಬಿಡುತ್ತೆ, ಎರಡೂ ಒಂದೇ ಲೋಟದಲ್ಲಿ. ಡ್ರಿಪ್ಪರಲ್ಲಿ ದುಡ್ಡು ಉಳಿಸಿ ಕೈಗಿರಣಿಗೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಿ. ಗಿರಣಿಗೆ ದುಡ್ಡು ಹೊಂದೋವರೆಗೆ ಕಾಫಿ ಹುರಿದು ಮಾರೋ ರೋಸ್ಟರ್‌ಗಳಿಂದಲೇ ಪುಡಿ ಮಾಡಿಸಿ ಸಣ್ಣ ಪೊಟ್ಟಣ ತರಿಸಿ, ಬೇಗ ಮುಗಿಸಿ.

ನೀರು ಮಾತ್ರ ನಮ್ಮೂರಿನ ಖಾಸಾ ತಲೆನೋವು. ಬೋರ್‌ವೆಲ್ ನೀರಿನ ಗಡಸುತನ ಕಾಫಿಯ ಹುಳಿಯನ್ನೆಲ್ಲ ನುಂಗಿ ಮಂಕು ಮಾಡುತ್ತೆ. ಆರ್‌ಓ ಯಂತ್ರ ಲವಣವನ್ನೆಲ್ಲ ತೆಗೆದು ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) ಮೂವತ್ತಕ್ಕೋ ನಲವತ್ತಕ್ಕೋ ಇಳಿಸಿಬಿಟ್ಟರೆ ರುಚಿ ಸಪ್ಪೆ. ಕಾಫಿ ಪರಿಣತರ ಸಂಘಗಳು ಬಯಸೋದು 75ರಿಂದ 250ರ ಒಳಗೆ, 150ರ ಆಸುಪಾಸು. ಆರ್‌ಓ ನೀರಿಗೆ ಸ್ವಲ್ಪ ಕಾವೇರಿ ನೀರು ಬೆರೆಸಿ ನೋಡಿ, ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಕಾಫಿ ಸರಿಹೋಗುತ್ತೆ. ಇನ್ನು ಬಿಸಿಯ ಬಗ್ಗೆ: ಪುಸ್ತಕದವರು "ಕುದಿಸಿ, ಅರ್ಧ ನಿಮಿಷ ಆರಲು ಬಿಡಿ" ಅಂತ ಬರೆಯೋದು ಸಮುದ್ರಮಟ್ಟದ ನೂರು ಡಿಗ್ರಿಯನ್ನ ನೆನಪಲ್ಲಿಟ್ಟುಕೊಂಡು. ಒಂಬೈನೂರು ಮೀಟರ್ ಎತ್ತರದ ಬೆಂಗಳೂರಲ್ಲಿ ನೀರು ಕುದಿಯೋದೇ 97ರ ಹತ್ತಿರ, ಚಿಕ್ಕಮಗಳೂರಲ್ಲಿ ಇನ್ನೂ ಅರ್ಧ ಡಿಗ್ರಿ ಕಡಿಮೆ. ಕೆಟಲ್ ಟಕ್ ಅಂದ ಕೂಡಲೇ ಸುರಿಯಿರಿ. ಥರ್ಮಾಮೀಟರಿಗೆ ಅಂತ ತೆಗೆದಿಟ್ಟ ದುಡ್ಡಲ್ಲಿ ಇನ್ನೊಂದು ಕಟ್ಟು ಪೇಪರ್ ತಂದಿಡಿ.